ಅಜ್ಜಿಗೆ ಬಿಟ್ಟ ಮನೆ

ನಮ್ಮ ಮನೆಗೂ ಶಾಲೆಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ ಮಾತ್ರ. ತಟ್ಟಿಯ ಈಚೆಗೆ ಒಲೆ, ನೀರಿನ ಹಂಡೆ, ನಾವು ನಾಲ್ವರು ಸಾಲಾಗಿ ಮಲಗುವ ಚಾಪೆಗಳು. ಆಚೆಗೆ ಕಪ್ಪುಹಲಗೆ, ಬೆಂಚು, ಮೊಳೆಗೆ ತೂಗುಹಾಕಿದ ಭೂಪಟ. ಅಮ್ಮ ಒಲೆಯ ಮೇಲೆ ಹುರುಳಿ ಬೇಯಲು ಇಟ್ಟು, ಆಚೆಗೆ ಹೋಗಿ ಮಗ್ಗಿ ಹೇಳಿಸುತ್ತಿದ್ದಳು. ಹುರುಳಿ ತಳ ಹಿಡಿದರೆ ವಾಸನೆ ಮೊದಲು ಸಿಗುತ್ತಿದ್ದದ್ದು ಮಕ್ಕಳಿಗೆ. ಅವರು ಮಗ್ಗಿಯನ್ನು ಅರ್ಧಕ್ಕೆ ಬಿಟ್ಟು, "ಟೀಚರಮ್ಮ, ಸೀದೋಯ್ತು" ಎಂದು ಒಟ್ಟಿಗೆ ಕೂಗುತ್ತಿದ್ದರು. ಇವತ್ತಿಗೂ ಏಳರ ಮಗ್ಗಿ ಕಿವಿಗೆ ಬಿದ್ದರೆ ನನಗೆ ಸೀದ ಹುರುಳಿಯ ವಾಸನೆ ಬರುತ್ತದೆ. ಇಷ್ಟು ಬರೆದು ನಿಲ್ಲಿಸಿದೆ. ಬೆಂಚು ನಿಜವಾಗಿ ಇತ್ತೇ? ಮೈಸೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಕೇಳಿದೆ.

"ಯಾವ ಬೆಂಚೇ? ನೆಲದ ಮೇಲೆ ಕೂತೂ ಕೂತೂ ನನ್ನ ಚಡ್ಡಿಯೆಲ್ಲ ಕೆಂಪಗಾಗಿತ್ತು. ಈ ವಯಸ್ಸಲ್ಲಿ ಕೂತ್ಕೊಂಡು ಬೆಂಚು ಮಾಡಿಸ್ತಿದೀಯ ನೀನು."

ಬೆಂಚು ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಓದಲು ಮೈಸೂರಿಗೆ ಹೋದಾಗಿನಿಂದ ನಾನು ಡೈರಿ ಬರೆಯುತ್ತ ಬಂದಿದ್ದೇನೆ, ಕಾಡಿನಂಚಿನ ಹಾಡಿಯಲ್ಲಿ ಕಳೆದ ಆ ವರ್ಷಗಳ ಬಗ್ಗೆಯೂ ಆಗಾಗ ಬರೆದಿದ್ದೇನೆ. ಓದಿ ನೋಡಿದರೆ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಮದುವೆಗೆ ಮುಂಚೆ ಬರೆದದ್ದರಲ್ಲಿ ಅಪ್ಪ ಹಟಮಾರಿ, ಅಮ್ಮ ದೇವತೆ. ನನಗೇ ಮಕ್ಕಳಾದ ಮೇಲೆ ಬರೆದದ್ದರಲ್ಲಿ ಅಮ್ಮನೇ ಕಲ್ಲು, ಅಪ್ಪ ಬಡಪಾಯಿ. ಯಾವುದು ಸರಿ ಎಂದು ತೀರ್ಮಾನ ಮಾಡುವ ಹುಮ್ಮಸ್ಸು ಈಗ ಉಳಿದಿಲ್ಲ. ಸುಸ್ತಾಗಿದೆ. ಹೇಗೆ ನೆನಪಿಗೆ ಬರುತ್ತದೋ ಹಾಗೆ ಬರೆದು ಮುಗಿಸುತ್ತೇನೆ.

ಅಪ್ಪ, ಅಮ್ಮ ಇಬ್ಬರೂ ಹಾಸನದ ಕಡೆ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಕೊಡಗಿನ ದಕ್ಷಿಣದ ಅಂಚಿನಲ್ಲಿ, ಕಾಫಿ ತೋಟಗಳು ಮುಗಿದು ಕಾಡು ಶುರುವಾಗುವ ಕಡೆ ಇದ್ದ ಜೇನುಕುರುಬರ ಒಂದು ಹಾಡಿಯಲ್ಲಿ ಶಾಲೆ ತೆರೆಯಬೇಕೆಂದು ನಮ್ಮ ಚರ್ಚಿನ ಸಭೆಯವರು ಅವರನ್ನು ಕಳಿಸಿದರು. ಹುದಿಕೇರಿವರೆಗೆ ಬಸ್ಸು, ಅಲ್ಲಿಂದ ಎಸ್ಟೇಟ್ ಜೀಪು ಸಿಕ್ಕರೆ ಜೀಪು, ಆಮೇಲೆ ಕಾಲುದಾರಿ. ಹಾಡಿಯಲ್ಲಿ ಇದ್ದದ್ದೆಲ್ಲ ಬಿದಿರಿನ ಗೋಡೆ, ಹುಲ್ಲಿನ ಮಾಡು. ಅಪ್ಪ ಮಾತ್ರ ಇಟ್ಟಿಗೆಯ ಮನೆ ಕಟ್ಟಬೇಕೆಂದು ಹಟ ಹಿಡಿದರು. ಜೀಪು ನಿಲ್ಲುವ ಕಡೆಯಿಂದ ಇಟ್ಟಿಗೆಯನ್ನೂ ಹೆಂಚನ್ನೂ ಹೊತ್ತು ತಂದರು, ಹಾಡಿಯವರೂ ಹೊತ್ತರು. ಬಂದವರು ನಾಲ್ಕು ದಿನ ಇದ್ದು ಓಡಿಹೋಗುವವರಲ್ಲ ಎಂಬುದು ಗೋಡೆ ನೋಡಿದರೇ ಗೊತ್ತಾಗಬೇಕು ಎನ್ನುವುದು ಅಪ್ಪನ ವಾದ. ಅವರ ಕೈಯಲ್ಲಿ ಸಿಮೆಂಟು ತಿಂದ ಬಿರುಕುಗಳು ಬಹಳ ಕಾಲ ಇದ್ದವು. ಆ ಕೈಯಿಂದ ಅವರು ಸಂಜೆ ನಮ್ಮ ತಲೆಗೆ ಎಣ್ಣೆ ಹಚ್ಚಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು.

ಮನೆಯೇನೋ ಎದ್ದಿತು, ಮಕ್ಕಳು ಬರಲಿಲ್ಲ. ಬೆಳಿಗ್ಗೆ ಎಸ್ಟೇಟಿನ ಗುಮಾಸ್ತ, ರೈಟರ್, ಜೀಪು ತಂದರೆ ಹಾಡಿಯ ದೊಡ್ಡವರು ಕೂಲಿಗೆ ಹೋಗುತ್ತಿದ್ದರು; ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಮಕ್ಕಳೂ ಹಿಂದೆ ಹತ್ತುತ್ತಿದ್ದವು. ಉಳಿದ ಮಕ್ಕಳು ಮರದ ಮರೆಯಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದವು, ಕರೆದರೆ ಮಾಯ. ಮೊದಲು ಒಳಗೆ ಬಂದವಳು ಬೊಮ್ಮಿ ಅಜ್ಜಿ. ಓದಲು ಅಲ್ಲ, ನಮ್ಮ ಒಲೆಯ ಮೇಲೆ ಏನಿದೆ ಎಂದು ನೋಡಲು. ಮುಚ್ಚಳ ತೆಗೆದು, ಮೂಸಿ, ಹಾಗೇ ಮುಚ್ಚಿ, ತಟ್ಟಿಯ ಆಚೆಗೆ ಹೋಗಿ ಹಿಂದಿನ ಗೋಡೆಗೆ ಒರಗಿ ಕೂತಳು. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಅಪ್ಪನ ಪಾಠ ಕೇಳಿದಳು. ಕೇಳುವವರು ಅಂದು ನಾನು, ಅಣ್ಣ ಇಬ್ಬರೇ.

"ನಿನ್ನ ಮಕ್ಳಿಗೆ ನೀನೇ ಹೇಳ್ಕೊಡಕೆ ಇಷ್ಟು ದೊಡ್ಡ ಮನೆ ಯಾಕೆ ಕಟ್ದೆ ಮೇಷ್ಟ್ರೆ?" ಎಂದು ಕೇಳಿದಳು.

"ನಿಮ್ಮ ಮಕ್ಕಳು ಬರ್ಲಿ ಅಂತ ಅಜ್ಜಿ."

"ಅವು ಕರದ್ರೆ ಬರಲ್ಲ. ಹೊಡ್ಕೊಂಡು ಬರ್ಬೇಕು."

ಮಾರನೆಯ ಬೆಳಿಗ್ಗೆ ಕೈಯಲ್ಲಿ ಒಂದು ಸೊಪ್ಪಿನ ಬರಲು ಹಿಡಿದು, ಕೋಳಿಮರಿ ಅಟ್ಟುವ ಹಾಗೆ ಮಕ್ಕಳನ್ನು ಅಟ್ಟಿಕೊಂಡು ಬಂದಳು. ಅದರಲ್ಲಿ ಅವಳ ಮೊಮ್ಮಗಳು ಜಾಜಿಯೂ ಇದ್ದಳು. ಜಾಜಿ ನನ್ನ ಪಕ್ಕ ಕೂತಳು, ಮುಂದೆಯೂ ಅಲ್ಲೇ ಕೂತಳು. ನನಗೆ ಹಾಡಿ ಎಂದರೆ ಜಾಜಿ. ಏಡಿ ಹಿಡಿಯುವುದು, ಗೆಣಸಿನ ಬಳ್ಳಿ ಯಾವುದು ಎಂದು ಗುರುತಿಸುವುದು, ಆನೆ ಹೋದ ದಾರಿ ಮೂಸುವುದು, ಎಲ್ಲ ಅವಳಿಂದಲೇ. ಅವಳು ನನ್ನಿಂದ ಕಲಿತದ್ದು ಪೆನ್ಸಿಲ್ ಕಚ್ಚುವುದನ್ನು ಮಾತ್ರ ಎಂದು ಅಮ್ಮ ಹೇಳುತ್ತಿದ್ದಳು. ಸಂಜೆ ಅಪ್ಪ ಪ್ರಾರ್ಥನೆ ಮಾಡಿ ಕೀರ್ತನೆ ಹಾಡಿಸುವಾಗ ಹಾಡಿಯವರೂ ಕೆಲವರು ಬಂದು ಕೂರುತ್ತಿದ್ದರು. ಹಾಡು ಇಷ್ಟ, ಉಳಿದದ್ದು ಬೇಡ. ಒಬ್ಬರೂ ದೀಕ್ಷಾಸ್ನಾನಕ್ಕೆ ಒಪ್ಪಲಿಲ್ಲ. ಹಾಡಿಯ ಯಜಮಾನ ಕಾಳ ಒಮ್ಮೆ ಬಹಳ ಮರ್ಯಾದೆಯಿಂದಲೇ ಹೇಳಿದ:

"ನಿಮ್ಮ ದೇವ್ರು ಒಳ್ಳೇನೇ ಮೇಷ್ಟ್ರೇ. ಕಾಡೊಳಗೆ ಅವನ್ಗೆ ದಾರಿ ಗೊತ್ತಿಲ್ಲ, ಅಷ್ಟೇಯ."

ಅಪ್ಪ ನಗಲಿಲ್ಲ. ಅಮ್ಮ ತಟ್ಟಿಯ ಈಚೆಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಎರಡನೆಯ ಮಳೆಗಾಲವೋ ಮೂರನೆಯದೋ, ಬೊಮ್ಮಿ ಅಜ್ಜಿಗೆ ಕೆಮ್ಮು ಹಿಡಿದು ಮೇಲೇಳದ ಹಾಗಾಯಿತು. ಅವಳ ಗುಡಿಸಲು ಸೋರುತ್ತಿತ್ತು. ಅಮ್ಮ ಅಪ್ಪನನ್ನೂ ಅಣ್ಣನನ್ನೂ ಕರೆದುಕೊಂಡು ಹೋಗಿ, ಕಂಬಳಿಯಲ್ಲಿ ಸುತ್ತಿ ಅವಳನ್ನು ನಮ್ಮ ಮನೆಗೆ ಹೊತ್ತು ತಂದಳು. ಅವಳು ಯಾವಾಗಲೂ ಒರಗಿ ಕೂರುತ್ತಿದ್ದ ಗೋಡೆಯ ಪಕ್ಕದಲ್ಲೇ ಹಗ್ಗದ ಮಂಚ ಹಾಕಿದರು. ಹಾಡಿಯ ಹೆಂಗಸರು ಬಾಗಿಲಲ್ಲಿ ನಿಂತು, ಒಳಗೆ ಬೇಡ, ಅಂಗಳದಲ್ಲಿ ಚಪ್ಪರ ಹಾಕಿ ಮಲಗಿಸೋಣ ಎಂದರು. ಅಮ್ಮನಿಗೆ ಸಿಟ್ಟು ಬಂತು.

"ಈ ಮಳೇಲಿ ಹೊರಗಾ? ನಿಮ್ಮನ್ನ ಹೆತ್ತವಳು ಅಲ್ವೇನ್ರೇ ಅವಳು? ಎದೆ ಅನ್ನೋದು ಇಲ್ವಾ ನಿಮಗೆ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಂಗಳಕ್ಕೆ ಇಳಿದರು. ಅಮ್ಮ ಗಂಜಿ ಕುಡಿಸಿದಳು, ಬೆನ್ನು ಉಜ್ಜಿದಳು, ಹುದಿಕೇರಿಯಿಂದ ಔಷಧ ತರಿಸಿದಳು. ಪಾಠ ನಡೆಯುತ್ತಲೇ ಇತ್ತು, ಏಕೆಂದರೆ ಮಕ್ಕಳ ಗದ್ದಲ ನಿಂತರೆ ಅಜ್ಜಿ ಕಣ್ಣು ಬಿಟ್ಟು ಎಲ್ಲಿ ಹೋದವು ಎಂದು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಮಗ್ಗಿಯ ನಡುವೆ ಜಾಜಿ ನನ್ನ ಪಕ್ಕದಿಂದ ಎದ್ದು ನಿಂತಳು. "ಕೂತ್ಕೊಳೇ ಜಾಜಿ" ಎಂದಳು ಅಮ್ಮ. ಜಾಜಿ ಕೂರಲಿಲ್ಲ. ಅಜ್ಜಿಯ ಕಡೆ ಒಂದು ಸಲ ನೋಡಿ ಹೊರಗೆ ನಡೆದಳು. ಅವಳ ಹಿಂದೆ ಒಂದೊಂದಾಗಿ ಎಲ್ಲ ಮಕ್ಕಳೂ ಸದ್ದು ಮಾಡದೆ ಎದ್ದು ಹೋದವು. ಆಮೇಲೆ ನಾವು ಮಂಚದ ಕಡೆ ತಿರುಗಿ ನೋಡಿದ್ದು. ಅಜ್ಜಿ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿದ್ದು ಹಾಡಿಯವರೇ, ಅವರ ಪದ್ಧತಿಯಂತೆ. ಅಪ್ಪ ದೂರದಲ್ಲಿ ನಿಂತು ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದರು. ಅದಾದ ಮೇಲೆ ಹಾಡಿಯವರು ನಮ್ಮ ಮೇಲೆ ತೋರಿದಷ್ಟು ಪ್ರೀತಿಯನ್ನು ಯಾವತ್ತೂ ತೋರಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ಅಂಚಿನಲ್ಲಿ ಗೆಣಸು ಇರುತ್ತಿತ್ತು, ಎಲೆಯಲ್ಲಿ ಕಟ್ಟಿದ ಜೇನುತುಪ್ಪ ಇರುತ್ತಿತ್ತು, ಒಮ್ಮೆ ಬುಟ್ಟಿ ತುಂಬ ಏಡಿ. ಹೆಂಗಸರು ದಾರಿಯಲ್ಲಿ ಸಿಕ್ಕರೆ ಅಮ್ಮನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆದರೆ ಮಕ್ಕಳು ಬರಲಿಲ್ಲ. ಜಾಜಿ ಅಂಗಳದ ಆಚೆಯಿಂದಲೇ ನನ್ನನ್ನು ಆಟಕ್ಕೆ ಕರೆಯುತ್ತಿದ್ದಳು, ಜಗಲಿ ಹತ್ತುತ್ತಿರಲಿಲ್ಲ. ಯಾಕೆ ಎಂದರೆ, "ಸುಮ್ಕೆ" ಎನ್ನುತ್ತಿದ್ದಳು. ಒಂದು ದಿನ ಗಂಡಸರು ಹೊಸ ಬಿದಿರನ್ನು ಕಡಿದು ತಂದು ಅಂಗಳದ ಪಕ್ಕದಲ್ಲಿ ಅಟ್ಟಿ ಹಾಕಿ ಹೋದರು. ಅಪ್ಪನಿಗೆ ಸ್ವಲ್ಪ ಸಮಾಧಾನವಾಯಿತು. ಜಿಂಕೆ ಬಂದು ಬೀನ್ಸ್ ಮೇಯುತ್ತಿದೆ ಎಂದು ಅವರು ಹಿಂದೆ ಕಾಳನ ಹತ್ತಿರ ಹೇಳಿದ್ದರು. ಬಿದಿರನ್ನು ಸೀಳಿ, ತರಕಾರಿ ಪಾತಿಗೆ ಸುತ್ತಲೂ ಒಳ್ಳೆಯ ಬೇಲಿ ಕಟ್ಟಿದರು. ಅದನ್ನು ಹಾಡಿಯವರು ಗುಂಪಾಗಿ ದೂರದಲ್ಲಿ ನಿಂತು ನೋಡಿದರು. ಮೇಷ್ಟರು ಬೇಲಿ ಕಟ್ಟುವುದನ್ನು ನೋಡಲು ಅಷ್ಟೊಂದು ಜನ ಯಾಕೆ ಎಂದು ನನಗೆ ಆಗಲೂ ಅನ್ನಿಸಿತ್ತು. ಅಥವಾ ಈಗ ಅನ್ನಿಸುತ್ತಿದೆ.

"ಜೇನು ತಂದ್ಕೊಡ್ತಾರೆ, ಬಿದಿರು ತಂದ್ಕೊಡ್ತಾರೆ, ಮಕ್ಕಳನ್ನ ಮಾತ್ರ ಕೊಡಲ್ಲ," ಎಂದು ಅಪ್ಪ ಖಾಲಿ ಕೋಣೆಯಲ್ಲಿ ಹಲಗೆ ಒರೆಸುತ್ತ ಹೇಳುತ್ತಿದ್ದರು. ಒರೆಸಲು ಅದರ ಮೇಲೆ ಏನೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ಸಭೆಯ ಪಾದ್ರಿ ಅಯ್ಯನವರಿಂದ ಮಾತು ಬಂತು. ಮಳೆ ನಿಂತ ಮೇಲೆ ಅವರೇ ನೋಡಲು ಬರುತ್ತಾರೆ. ಮಕ್ಕಳಿಲ್ಲದ ಶಾಲೆಯನ್ನು ನಡೆಸಲು ಆಗುವುದಿಲ್ಲ, ಮುಚ್ಚಿ ನಮ್ಮನ್ನು ಪಟ್ಟಣದ ಹಾಸ್ಟೆಲಿನ ಕೆಲಸಕ್ಕೆ ಹಾಕುತ್ತಾರೆ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡದ ದಿನಗಳು ಶುರುವಾದವು. ಪಟ್ಟಣದಲ್ಲಿ ಜಾಜಿ ಇರುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿ. ಅಮ್ಮ ಕೊನೆಗೆ ಒಂದು ಮಧ್ಯಾಹ್ನ ಕಾಳನನ್ನು ಕರೆಸಿದಳು. ಅವನು ಅಂಗಳದಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಅಮ್ಮನೇ ಇಳಿದು ಹೋದಳು.

"ಕಾಳಣ್ಣ, ನಮ್ಮಿಂದ ಏನು ತಪ್ಪಾಯ್ತು? ಬಾಯಿಬಿಟ್ಟು ಹೇಳು."

"ತಪ್ಪೇನಿಲ್ಲ ಟೀಚರಮ್ಮ. ನೀವು ಯಾವಾಗ ಬುಡ್ತೀರ ಅಂತ ಕಾಯ್ತಾ ಇವ್ನಿ."

"ಏನನ್ನ ಬಿಡೋದು?"

"ಮನೆಯ. ಅಜ್ಜಿ ಜೀವ ಒಳಗೇ ಹೋಯ್ತಲ್ಲ, ಇನ್ನ ಅದು ಅವಳ ಮನೆ. ನಮ್ಮಲ್ಲಿ ಯಾರ್ ಹೋದ್ರೂ ಹಂಗೇಯ. ಮನೆಯ ಅವ್ರಿಗೆ ಬುಟ್ಟು, ನಾವು ಬ್ಯಾರೆ ಕಟ್ಕೊತೀವಿ. ಅದ್ಕೇ ಬಿದಿರು ಕಡ್ಸಿ ಹಾಕ್ಸಿದ್ದು."

ಅಮ್ಮ ಬೇಲಿಯ ಕಡೆ ನೋಡಿದಳು. ಬೀನ್ಸ್ ಬಳ್ಳಿ ಅದರ ಮೇಲೆ ಆಗಲೇ ಹಬ್ಬಿತ್ತು. ಕಾಳನೂ ಅದನ್ನೇ ನೋಡಿದ.

"ಮನೆಗಿಂತ ಮುಂಚೆ ಬೇಲಿ ಕಟ್ಟೋ ಸಾಸ್ತ್ರ ಇರ್ಬೋದು ನಿಮ್ಮಲ್ಲಿ ಅನ್ಕೊಂಡೊ," ಎಂದ.

ಅಪ್ಪ ಜಗಲಿಗೆ ಬಂದಿದ್ದರು. "ಇದು ಗುಡಿಸಲಲ್ಲ ಕಾಳ, ಕಿತ್ತು ಹಾಕೋದಕ್ಕೆ. ಇಟ್ಟಿಗೆ ಮನೆ."

"ಕೀಳೋದು ಬ್ಯಾಡ ಮೇಷ್ಟ್ರೇ. ಬುಟ್ರೆ ಸಾಕು. ಕಾಡು ನಿಧಾನಕ್ಕೆ ಕಿತ್ಕೊತದೆ."

"ಅಜ್ಜಿ ಇಲ್ಲಿ ಇಲ್ಲ. ದೇವರ ಹತ್ರ ಹೋಗಿದಾಳೆ. ನಾನೇ ಪ್ರಾರ್ಥನೆ ಮಾಡಿ ಕಳಿಸಿದೀನಿ."

ಅಪ್ಪನ ಮನಸ್ಸು ನೋಯಿಸಲು ಕಾಳನಿಗೆ ಇಷ್ಟವಿರಲಿಲ್ಲ. "ಹೋಗಿದ್ರೂ ಹೋಗಿರ್ಬೋದು. ಆದ್ರೂ ಬತ್ತಾ ಹೋಯ್ತಾ ಇರ್ತಳಲ್ಲ ಮೇಷ್ಟ್ರೇ. ಬಂದಾಗ ಮನೆ ತುಂಬ ಜನ ಕೂತಿದ್ರೆ ಅವಳೆಲ್ಲಿ ಕೂರ್ಬೇಕು?"

ಆ ಸಂಜೆ ನಮಗೆ ಪ್ರಾರ್ಥನೆ ಇರಲಿಲ್ಲ. ಅಮ್ಮ ಗೆಣಸು ಹೆರೆಯುತ್ತಿದ್ದಳು, ಅಪ್ಪ ಒಲೆಯ ಮುಂದೆ ಕೂತಿದ್ದರು, ನಾನೂ ಅಣ್ಣನೂ ತಟ್ಟಿಗೆ ಒರಗಿ ಪುಸ್ತಕ ಹಿಡಿದು ಕೂತು, ಓದುತ್ತಿರುವ ಹಾಗೆ ನಟಿಸುತ್ತಿದ್ದೆವು.

"ಹೊರಗೆ ಮಲಗಿಸಿ ಅಂತ ಅವರು ಹೇಳಿದ್ರು," ಎಂದಳು ಅಮ್ಮ. "ನಾನು ಎದೆ ಇಲ್ವಾ ಅಂತ ಬೈದೆ."

"ನೀನು ಮಾಡಿದ್ದು ಸರಿ."

"ಸರೀನೇ ಇರಬಹುದು. ಮಕ್ಕಳು ಬರ್ತಾ ಇಲ್ವಲ್ರೀ. ಬೇರೆ ಕಡೆ ಒಂದು ಬಿದಿರು ಕೊಟ್ಟಿಗೆ ಹಾಕೋಣ. ಅವರೇ ಕಟ್ಟಿಕೊಡ್ತಾರೆ."

"ಇವತ್ತು ಇದನ್ನ ಬಿಡೋದು. ನಾಳೆ ಆ ಕೊಟ್ಟಿಗೇಲಿ ಯಾರಾದ್ರೂ ಕಣ್ಣು ಮುಚ್ಚಿದ್ರೆ ಅದನ್ನ ಬಿಡೋದು. ಹೆದರ್ಕೊಂಡು ಓಡ್ತಾನೇ ಇರೋದು. ಹೆದರ್ಬೇಡಿ ಅಂತ ಹೇಳೋದಕ್ಕೆ ತಾನೇ ನಾವು ಬಂದಿದ್ದು?"

"ಅವರಿಗೆ ಹೆದರಿಕೆ ಇಲ್ಲ ರೀ. ಮುಖ ನೋಡಿದ್ರಲ್ಲ ನೀವು. ಮರ್ಯಾದೆ ಅದು."

"ಮರ್ಯಾದೆ ಅಂತೆ. ಹೆಂಚು ಹೊತ್ತ ಭುಜ ನಂದು."

ಗೆಣಸಿನ ಸಿಪ್ಪೆ ಅಮ್ಮನ ಕೈಯಿಂದ ಉದ್ದಕ್ಕೆ ಬೀಳುತ್ತಲೇ ಇತ್ತು. ನನಗೆ ಆ ಜಗಳದಲ್ಲಿ ಇಬ್ಬರೂ ಸರಿ ಅನ್ನಿಸಿತ್ತು. ಇವತ್ತಿಗೂ ಹಾಗೇ ಅನ್ನಿಸುತ್ತದೆ. ಯಾವ ವಿಷಯದಲ್ಲೂ ಒಂದು ಪಕ್ಷ ಹಿಡಿಯಲಾಗದ ನನ್ನ ಸ್ವಭಾವ ಆ ಒಲೆಯ ಮುಂದೆ ಶುರುವಾಯಿತೇನೋ. ಅಣ್ಣನನ್ನು ಕೇಳಿದರೆ, ಅದು ಹುಟ್ಟಿನಿಂದಲೇ ಬಂದ ಸೋಮಾರಿತನ ಎನ್ನುತ್ತಾನೆ.

ಮಳೆ ಬಿಡುವು ಕೊಟ್ಟ ದಿನ ಅಮ್ಮ ಕಪ್ಪುಹಲಗೆಯನ್ನು ತಲೆಯ ಮೇಲೆ ಹೊತ್ತು, ಹಾಡಿಯ ಮಧ್ಯದ ಹಲಸಿನ ಮರಕ್ಕೆ ಒರಗಿಸಿ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಮಕ್ಕಳೆಲ್ಲ ಅಲ್ಲಿದ್ದವು. ಅಪ್ಪ ಇಟ್ಟಿಗೆ ಮನೆಯಲ್ಲೇ ಪಾಠ ಮುಂದುವರಿಸಿದರು, ನನಗೂ ಅಣ್ಣನಿಗೂ. ಹಲಗೆ ಹೋಗಿದ್ದರಿಂದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದರು. ಅಣ್ಣ ಒಂದು ದಿನ ಉಚ್ಚೆಗೆ ಹೋಗಿ ಬರುತ್ತೇನೆಂದು ಎದ್ದು ಹೋದವನು ಮರಳಿ ಬರಲಿಲ್ಲ. ಮರದ ಕಡೆಯಿಂದ ಅವನ ಮಗ್ಗಿ ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು. ಉಳಿದವಳು ನಾನೊಬ್ಬಳು. ಒಬ್ಬಳಿಗೇ ಅಪ್ಪ ಎದ್ದು ನಿಂತು, ಕೋಣೆ ತುಂಬ ಮಕ್ಕಳಿದ್ದಾರೆ ಎನ್ನುವ ಹಾಗೆ ಗಟ್ಟಿಯಾಗಿ ನದಿಗಳ ಹೆಸರು ಹೇಳುತ್ತಿದ್ದರು. ಕೊನೆಗೆ ಅವರೇ ನೀನೂ ಹೋಗು ಎಂದರೋ, ನಾನೇ ಎದ್ದು ಹೋದೆನೋ, ಗೊತ್ತಿಲ್ಲ. ಡೈರಿಗಳಲ್ಲಿ ಎರಡೂ ಇವೆ. ಹಾಡಿಯವರು ಮರದ ಹತ್ತಿರ ಬಿದಿರಿನ ಉದ್ದನೆಯ ಕೊಟ್ಟಿಗೆ ಕಟ್ಟಿದರು. ಒಂದು ತುದಿಯಲ್ಲಿ ಅಮ್ಮ ಒಲೆ ಹೂಡಿದಳು. ಮಕ್ಕಳ ತಾಯಂದಿರು ನೋಡುತ್ತಿರುತ್ತಾರೆ ಎಂದು ಅವಳು ಆಮೇಲೆ ಇಟ್ಟಿಗೆ ಮನೆಯೊಳಗೆ ಕಾಲಿಡಲಿಲ್ಲ. ಅಪ್ಪ ಕೊಟ್ಟಿಗೆಯೊಳಗೆ ಕಾಲಿಡಲಿಲ್ಲ. ಅವರ ಊಟವನ್ನು ತಟ್ಟೆಯಲ್ಲಿ ಅಲ್ಲಿಗೇ ಒಯ್ಯುತ್ತಿದ್ದವನು ಅಣ್ಣ.

ಅಯ್ಯನವರು ಜಿಗಣೆ ಕಿತ್ತುಕೊಳ್ಳುತ್ತ ಬಂದರು. ಖಾಲಿ ಇಟ್ಟಿಗೆ ಮನೆ ನೋಡಿದರು, ಗದ್ದಲದ ಕೊಟ್ಟಿಗೆ ನೋಡಿದರು. ಅಮ್ಮ ಕೊಟ್ಟ ಕಾಫಿ ಕುಡಿದು, ಶಾಲೆ ಇಲ್ಲೇ ಮುಂದುವರಿಯಲಿ ಎಂದರು. ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಗ ಅಪ್ಪ, "ನನ್ನನ್ನ ಬೇರೆ ಕಡೆ ಹಾಕಿ ಅಯ್ಯನವರೇ" ಎಂದರು.

ಅಯ್ಯನವರು ಅಮ್ಮನ ಕಡೆ ನೋಡಿದರು. "ನೀವು?"

"ನಾನು ಎಲ್ಲಿಗೂ ಬರಲ್ಲ," ಎಂದಳು ಅಮ್ಮ. ಜಗಳದ ದನಿಯಲ್ಲ. ನೀರು ಹೊತ್ತು ತಂದು ಕೊಡ ಇಳಿಸುವವಳ ದನಿ.

ಅಣ್ಣನನ್ನು ಹೈಸ್ಕೂಲಿಗೆ ಹಾಕಬೇಕಾಗಿತ್ತು; ಅವನು ಅಪ್ಪನ ಜೊತೆ ಪಟ್ಟಣಕ್ಕೆ ಹೋದ. ನಾನು ಅಮ್ಮನ ಜೊತೆ ಉಳಿದೆ. ಶಾಲೆ ಉಳಿಯಿತು, ಜಾಜಿ ಉಳಿದಳು, ನಾನು ಬೇಡಿಕೊಂಡದ್ದೆಲ್ಲ ಸಿಕ್ಕಿತು. ಅಮ್ಮ ಮಾತ್ರ ಸಂಜೆಯಾದರೆ ಕಂಬಕ್ಕೆ ಒರಗಿ ಕಾಲು ಚಾಚಿ, ಕರೆದರೂ ಕೇಳಿಸದವಳಂತೆ ಕೂತಿರುತ್ತಿದ್ದಳು. ಮನೆಯಲ್ಲಿ ಇಬ್ಬರಿಗೆ ಬೇಯಿಸುವುದು ಎಷ್ಟು ಬೇಸರದ ಕೆಲಸ ಎಂದು ನನಗೆ ತಿಳಿದದ್ದು ಈಗ, ನಾನು ಒಬ್ಬಳಿಗೇ ಬೇಯಿಸಿಕೊಳ್ಳುವಾಗ. ಅಪ್ಪ ರಜಕ್ಕೆ ಬರುತ್ತಿದ್ದರು. ಬಂದರೆ ಇಟ್ಟಿಗೆ ಮನೆಯ ಕಸ ಗುಡಿಸಿ, ಅಲ್ಲೇ ಚಾಪೆ ಹಾಸಿಕೊಂಡು ಇರುತ್ತಿದ್ದರು.

ಆ ವರ್ಷದ ಕ್ರಿಸ್ಮಸ್ಸಿಗೆ ಅಪ್ಪ ಒಬ್ಬರೇ ಬಂದರು. ಅಣ್ಣ ತಾನೂ ಬಂದಿದ್ದೆ ಎಂದು ವಾದಿಸುತ್ತಾನೆ. ನನ್ನ ನೆನಪಿನಲ್ಲಿ ಅವನಿಲ್ಲ. ಅಮ್ಮ ನಾಟಿಕೋಳಿ ಸಾರು ಮಾಡಿ, ಹಾಡಿಯ ಮಕ್ಕಳಿಗೆಲ್ಲ ಕಜ್ಜಾಯ ಹಂಚಿದಳು. ಹಬ್ಬದ ದಿನವಾದರೂ ಅಪ್ಪ ಬಂದು ಜೊತೆಯಲ್ಲಿ ಕೂರುತ್ತಾರೆಂದು ಬಹಳ ಹೊತ್ತು ಕಾದಳು. ಆಮೇಲೆ ತಟ್ಟೆಗೆ ಬಡಿಸಿ, ಬಾಳೆಲೆ ಮುಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಹೊಸ್ತಿಲವರೆಗೆ ಹೋಗಿ ನಿಂತೆ. ಒಳಗೆ ನೆಲ ಒರೆಸಿ ಸ್ವಚ್ಛವಾಗಿತ್ತು. ಗೋಡೆಯ ಮೇಲೆ ಇದ್ದಿಲಿನ ನದಿಗಳು ಅರ್ಧ ಅಳಿಸಿದ್ದವು.

"ಒಳಗೆ ಬಾ," ಎಂದರು ಅಪ್ಪ.

ಕಾಲು ಎತ್ತಲು ಆಗಲಿಲ್ಲ.

"ಯಾಕೆ, ಹೆದರಿಕೆನಾ?"

"ಇಲ್ಲಪ್ಪ."

"ಮತ್ತೆ?"

"ಅಜ್ಜಿ ಮನೆ ಅಲ್ವಾ."

ಅಪ್ಪನಿಗೆ ಸಿಟ್ಟು ಬರುತ್ತದೆಂದು ಕಾದೆ. ಅವರು ನನ್ನನ್ನೇ ನೋಡುತ್ತಿದ್ದರು. ತಾವು ಕಲಿಸಿದ ಮಗ್ಗಿ, ನದಿ, ಕೀರ್ತನೆ ಎಲ್ಲದರ ಹಿಂದೆ ನನ್ನೊಳಗೆ ಇನ್ನೇನು ಹೋಗಿ ಕೂತಿದೆ ಎಂದು ನೋಡುವ ಹಾಗೆ. ಆಮೇಲೆ ಒಮ್ಮೆ ತಿರುಗಿ, ಹಿಂದಿನ ಗೋಡೆಯ ಕಡೆ ಕಣ್ಣು ಹಾಯಿಸಿದರು. ಗೋಡೆ ನೋಡುವವರು ಹಾಗೆ ನೋಡುವುದಿಲ್ಲ. ಅಲ್ಲಿ ಕೂತವರ ಒಪ್ಪಿಗೆ ಕೇಳುವವರು ಹಾಗೆ ನೋಡುತ್ತಾರೆ. ಇದನ್ನು ನಾನು ಕಟ್ಟಿಕೊಂಡಿರಬಹುದು. ಮುಂದಿನದನ್ನು ಕಟ್ಟಿಕೊಂಡಿಲ್ಲ. ಅಪ್ಪ ಎದ್ದು, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಹೊಸ್ತಿಲು ದಾಟಿ ಹೊರಗೆ ಬಂದರು. ಅಂಗಳದ ಕಲ್ಲಿನ ಮೇಲೆ ಕೂತು ತಟ್ಟೆಗೆ ಕೈ ಚಾಚಿದರು.

"ಅಮ್ಮ ಹೇಳಿಕೊಟ್ಟಳಾ?"

"ಯಾರೂ ಹೇಳಿಕೊಡಲಿಲ್ಲ."

ಅವರು ತಲೆಯಾಡಿಸಿದರು. ಬಿಸಿಲಿಗೆ ಬೆನ್ನು ಕೊಟ್ಟು, ನಿಧಾನವಾಗಿ, ತಟ್ಟೆಯಲ್ಲಿ ಏನೂ ಉಳಿಸದೆ ಉಂಡರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಕೈ ತೊಳೆಯಲು ನಾನು ನೀರು ಹಾಕುವಾಗ ತಗ್ಗಿದ ದನಿಯಲ್ಲಿ ಹೇಳಿದರು:

"ಉಪ್ಪು ಸ್ವಲ್ಪ ಕಡಿಮೆ. ಅಮ್ಮನಿಗೆ ಹೇಳಬೇಡ."

ಉಪ್ಪಿನ ವಿಷಯವೋ, ಹೊರಗೆ ಬಂದು ಉಂಡ ವಿಷಯವೋ, ಯಾವುದನ್ನು ಹೇಳಬಾರದು ಎಂದು ನಾನು ಕೇಳಲಿಲ್ಲ. ಎರಡನ್ನೂ ಹೇಳಲಿಲ್ಲ.